ಹಂಸವಾಗಿದ್ದೆ, ಗೂಬೆಯಾದೆ

ನಾನು ಒಂದು ಗೂಬೆಯ ತಲೆ. ತಲೆ ಮಾತ್ರ. ಮೈ ಇಲ್ಲ, ರೆಕ್ಕೆ ಇಲ್ಲ, ಕಾಲಂತೂ ಇಲ್ಲವೇ ಇಲ್ಲ. ಆದರೂ ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಈಗ ಬೀರುವಿನ ಮೇಲೆ ಕೂರಿಸಿಬಿಟ್ಟಿದ್ದಾರೆ, ಅದಕ್ಕೇ ಈ ಚಡಪಡಿಕೆ. ಕೇಳುವವರು ಯಾರೂ ಸಿಗದಿದ್ದರೆ ಸೀಲಿಂಗ್ ಫ್ಯಾನಿಗಾದರೂ ನನ್ನ ಕಥೆ ಹೇಳಿಕೊಳ್ಳುತ್ತೇನೆ.

ಹುಟ್ಟುವಾಗ ನಾನು ಗೂಬೆಯಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಬೆಂಗಳೂರಿನ ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ ಖಾದರ್ ಭಾಯಿಯವರ ಗೋದಾಮಿದೆ. ಮದುವೆ, ಆರತಕ್ಷತೆಗಳಿಗೆ ಸ್ಟೇಜು ಅಲಂಕಾರ ಮಾಡಿಕೊಡುವುದು ಅವರ ಕಸುಬು. ಅವರು ದೊಡ್ಡ ಥರ್ಮೊಕೋಲ್ ದಿಮ್ಮಿಯೊಂದನ್ನು ಕಾದ ತಂತಿಯಲ್ಲಿ ಕೊಯ್ದು ನನ್ನನ್ನು ಹಂಸ ಮಾಡಿದರು. ಆಹಾ, ಏನು ಕತ್ತು, ಏನು ಬಳುಕು! ಮೈತುಂಬ ಬಿಳಿ ಬಣ್ಣ, ಅದರ ಮೇಲೆ ಬೆಳ್ಳಿ ಮಿಂಚು. ನನ್ನ ಎದುರು ಇನ್ನೊಂದು ಹಂಸ, ನಮ್ಮಿಬ್ಬರ ಕೊಕ್ಕಿನ ನಡುವೆ ಗಂಡು ಹೆಣ್ಣಿನ ಹೆಸರು. ಇವತ್ತು ವಿಜಯನಗರ, ನಾಳೆ ಯಲಹಂಕ, ನಾಡಿದ್ದು ಹೊಸಕೋಟೆ. ಟೆಂಪೋದಲ್ಲಿ ಹಾರಿ ಹಾರಿ ಬೀಳುತ್ತಾ ಊರೆಲ್ಲ ಸುತ್ತಿದೆ. ಎಷ್ಟೋ ಮದುಮಕ್ಕಳು ನನ್ನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಆ ಓಡಾಟವೇ ನನಗೆ ಹಿತವಾಗಿತ್ತು.

ಆಮೇಲೆ ಕಾಲ ಬದಲಾಯಿತು. ಜನ ಹೂವಿನ ಗೋಡೆ ಬೇಕು, ಗಾಜಿನ ಗೋಳ ಬೇಕು ಎನ್ನತೊಡಗಿದರು. ಒಂದು ದಿನ ಟೆಂಪೋದಿಂದ ಇಳಿಸುವಾಗ ನನ್ನ ಕತ್ತು ಲಟಕ್ಕೆಂದು ಮುರಿಯಿತು. ಕತ್ತಿಲ್ಲದ ಹಂಸ ಯಾರಿಗೆ ಬೇಕು? ಗೋದಾಮಿನ ಮೂಲೆಗೆ ತಳ್ಳಿದರು. ಅಲ್ಲಿ ಧೂಳು ಕುಡಿಯುತ್ತಾ, ಶಾಪ ಹಾಕುತ್ತಾ ಬಿದ್ದಿದ್ದೆ.

ನನ್ನನ್ನು ಎತ್ತಿದವಳು ಖಾದರ್ ಭಾಯಿಯ ಮಗಳು ಜಬೀನ್. ಅಪ್ಪನ ಕೈಯ ಕಸುಬು ಅವಳ ಕೈಗೂ ಬಂದಿತ್ತು. ನನ್ನನ್ನು ತಟ್ಟಿ, ತಿರುಗಿಸಿ, ಹೊಟ್ಟೆ ಅಗಲವಾಗಿದೆ, ಒಳಗೆ ಒಂದು ತಲೆ ಹಿಡಿಸುತ್ತದೆ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ನನ್ನ ಹೊಟ್ಟೆ ಕೊರೆದಳು. ಮೈದಾ ಅಂಟಿನಲ್ಲಿ ಒಳಗೂ ಹೊರಗೂ ಹಳೇ ಪೇಪರ್ ಮೆತ್ತಿ, ಕಂದು ಬಣ್ಣ ಬಳಿದು, ದೊಡ್ಡ ದೊಡ್ಡ ಕಣ್ಣು ಕೊರೆದು ಸೊಳ್ಳೆ ಪರದೆಯ ತುಂಡು ಅಂಟಿಸಿದಳು. ಮುಗಿದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡರೆ ಗೂಬೆ! ಮದುವೆ ಮನೆಯಲ್ಲಿ ಮೆರೆದವನನ್ನು ತಂದು ಗೂಬೆ ಮಾಡುವುದೇ? ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನನ್ನು ಮಾಡಿದ್ದು ಅವಳ ಗೆಳತಿ ಇಂಚರಳಿಗಾಗಿ. ಇಬ್ಬರೂ ಒಂದೇ ಬೀದಿಯವರು, ಒಂದೇ ಶಾಲೆಯಲ್ಲಿ ಓದಿದವರು. ಶಾಲೆಯ ದಿನಗಳಲ್ಲಿ ಇಬ್ಬರೂ ಸೇರಿ ಒಂದು ಚಿತ್ರಕಥೆ ಕಟ್ಟಿದ್ದರಂತೆ. ಗೂಬೆ ರಾಣಿ, ಇಲಿ ಮಂತ್ರಿ. ರಾಣಿಗೆ ಹಸಿವಾದಾಗಲೆಲ್ಲ ಮಂತ್ರಿ ಓಡಿಹೋಗುವುದು, ಹೊಟ್ಟೆ ತುಂಬಿದ ಮೇಲೆ ವಾಪಸ್ ಬಂದು ರಾಜ್ಯಭಾರ ನಡೆಸುವುದು. ಅದನ್ನು ನೆನೆಸಿಕೊಂಡು ಈಗಲೂ ಬಿದ್ದು ಬಿದ್ದು ನಗುತ್ತಿದ್ದರು.

ಇಂಚರಳಿಗೆ ಪಿಯುಸಿ ಓದುವಾಗ ತುಟಿಯ ಅಂಚಿನಲ್ಲಿ ಒಂದು ಬಿಳಿ ಮಚ್ಚೆ ಮೂಡಿತು. ಆಮೇಲೆ ಕಣ್ಣಿನ ಸುತ್ತ, ಕೆನ್ನೆ, ಕೈ ಬೆರಳು. ಅವಳದು ಒಳ್ಳೆ ಎಣ್ಣೆಗೆಂಪು ಬಣ್ಣ, ಹಾಗಾಗಿ ಬಿಳುಪು ಎದ್ದು ಕಾಣುತ್ತಿತ್ತು. ಮೊದಮೊದಲು ಅವಳು ಅಷ್ಟು ಹಚ್ಚಿಕೊಳ್ಳಲಿಲ್ಲ. ಆದರೆ ದೊಡ್ಡಮ್ಮನ ಮಗಳ ಮದುವೆಯಲ್ಲಿ ಆರತಿ ತಟ್ಟೆಗೆ ಕೈ ಹಾಕಿದಾಗ ದೊಡ್ಡಮ್ಮ ಎಲ್ಲರೆದುರಿಗೆ, ನೀನು ಆಮೇಲೆ ಮಾಡುವೆಯಂತೆ ಎಂದು ತಟ್ಟೆಯನ್ನು ಕೈಯಿಂದ ತೆಗೆದುಕೊಂಡರು. ಆ ಆಮೇಲೆ ಬರಲೇ ಇಲ್ಲ. ಅಂದಿನಿಂದ ಇಂಚರ ಯಾವ ಸಮಾರಂಭಕ್ಕೂ ಹೋಗಲಿಲ್ಲ. ಮನೆಯಲ್ಲೇ ಕೂತು ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಹಿಡಿದಳು. ಅಂಗಡಿಗೆ ಹೋದರೂ ಕಣ್ಣು ಮಾತ್ರ ಕಾಣುವಂತೆ ದುಪಟ್ಟಾ ಸುತ್ತಿಕೊಳ್ಳುತ್ತಿದ್ದಳು.

ಈಗ ಜಬೀನಳ ಮದುವೆ ಗೊತ್ತಾಗಿತ್ತು, ಬಳ್ಳಾರಿಯ ಹುಡುಗ. ಮುಂದಿನ ತಿಂಗಳೇ ಮದುವೆ. ಇಂಚರ ಇಡೀ ದಿನ ಸ್ಟೇಜಿನ ಮೇಲೆ ತನ್ನ ಪಕ್ಕದಲ್ಲೇ ಇರಬೇಕು ಎಂದು ಅವಳ ಹಟ. ಇಂಚರ ಏನೆಂದಳು ಗೊತ್ತೇ?

"ಹಿಂದಿನ ಬಾಗಿಲಿಂದ ಬಂದು ಊಟ ಮಾಡ್ಕೊಂಡು ಹೋಗ್ತೀನಿ ಕಣೇ. ನಿನ್ನ ಫೋಟೊ ಯಾಕೆ ಹಾಳು ಮಾಡ್ಲಿ?"

ಜಬೀನ್ ಅವತ್ತು ಅತ್ತಳು. ಮಾರನೆಯ ದಿನವೇ ನನ್ನ ಹೊಟ್ಟೆ ಕೊರೆಯಲು ಕೂತಳು. ಊರಾಚೆಯ ದೊಡ್ಡ ಹಾಲ್‌ನಲ್ಲಿ ಕಾಮಿಕ್ ಕನ್ವೆನ್ಷನ್ ಇದೆ, ಚಿತ್ರಕಥೆ ಹುಚ್ಚಿನವರೆಲ್ಲ ವೇಷ ಹಾಕಿಕೊಂಡು ಬರುತ್ತಾರೆ, ಒಂದು ದಿನ ಜನರ ನಡುವೆ ಓಡಾಡು, ಮುಖ ಯಾರಿಗೂ ಕಾಣಿಸದು ಎಂದು ಗೆಳತಿಯನ್ನು ಒಪ್ಪಿಸಿದಳು. ಮೊದಲು ಜನರ ನಡುವೆ ನಿಲ್ಲುವುದು ರೂಢಿಯಾಗಲಿ, ಮದುವೆಯ ಮಾತು ಆಮೇಲೆ ಎಂಬುದು ಅವಳ ಲೆಕ್ಕಾಚಾರ.

ನನ್ನನ್ನು ಇಂಚರಳ ಮನೆಗೆ ತಂದಾಗ ಅವಳ ಅಮ್ಮ ಬಾಗಿಲಲ್ಲೇ ತಡೆದರು. ಮನೆಯೊಳಗೆ ಗೂಬೆ ತರುತ್ತಾರೇನಮ್ಮ, ಮೊದಲೇ ನಮ್ಮ ಗ್ರಹಚಾರ ನೆಟ್ಟಗಿಲ್ಲ ಎಂದರು. ಹಾಗಾಗಿ ಆ ರಾತ್ರಿ ನಾನು ಚಪ್ಪಲಿಗಳ ಜೊತೆ ಹೊರಗೇ ಇದ್ದೆ. ಅವಮಾನ ಅಂದರೆ ಅವಮಾನ.

ಬೆಳಿಗ್ಗೆ ಇಂಚರ ಬಾಗಿಲಾಚೆ ಕೈ ಚಾಚಿ ನನ್ನನ್ನು ಎತ್ತಿ, ಹೊಸ್ತಿಲು ದಾಟುವ ಮೊದಲೇ ತಲೆಗೆ ಹಾಕಿಕೊಂಡಳು. ಕಂದು ಶಾಲು, ಕೈಗೆ ಗ್ಲೌಸು. ಜಬೀನ್ ಬೂದು ಬಣ್ಣದ ಚೂಡಿದಾರಕ್ಕೆ ಹಗ್ಗದ ಬಾಲ ಹೊಲಿದುಕೊಂಡು, ಕೆನ್ನೆಗೆ ಮೀಸೆ ಗೆರೆ ಎಳೆದುಕೊಂಡು ಇಲಿ ಮಂತ್ರಿಯಾಗಿದ್ದಳು. ಬಸ್ಸಿನಲ್ಲಿ ಜನ ನಕ್ಕರು, ಮಕ್ಕಳು ಕೈ ಬೀಸಿದರು. ನನ್ನೊಳಗೆ ಇಂಚರಳ ಉಸಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವಳಿಗೆ ಭಯ, ನನಗೆ ಖುಷಿ. ಎಷ್ಟು ದಿನಗಳ ಮೇಲೆ ಗಾಡಿ ಹತ್ತಿದ್ದೆ!

ಹಾಲ್‌ನ ಒಳಗೆ ಹೋದೆವೋ ಇಲ್ಲವೋ ನನ್ನ ತಲೆ ತಿರುಗಿಹೋಯಿತು. ತಗಡಿನ ಕವಚ ತೊಟ್ಟವರು, ಕೊಂಬು ಬೆಳೆಸಿಕೊಂಡವರು, ಮಾರುದ್ದ ರೆಕ್ಕೆಯವರು, ಮುಖಕ್ಕೆ ಹಸಿರು ಕೆಂಪು ಬಳಿದುಕೊಂಡವರು. ನನ್ನಂಥ ತಲೆಗಳೇ ನೂರಾರು. ಅತ್ತ ನೋಡಲೋ ಇತ್ತ ನೋಡಲೋ ಎಂದು ನಾನು ಒದ್ದಾಡುತ್ತಿದ್ದರೆ ಇಂಚರ ಗೋಡೆ ಬಿಟ್ಟು ಕದಲಲೊಲ್ಲಳು. ಬಂದವರೆಲ್ಲ, ಇದು ಯಾವ ಪಾತ್ರ ಎಂದು ಕೇಳುತ್ತಿದ್ದರು. ಗೂಬೆ ರಾಣಿ ಎಂದು ಜಬೀನ್ ಕಥೆ ಶುರುಮಾಡುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಿದ್ದರು. ಯಾರೋ ಬಾಲ ತುಳಿದು ಮಂತ್ರಿಯ ಅರ್ಧ ಬಾಲ ಅಲ್ಲೇ ಉಳಿಯಿತು. ಇಂಚರ ಒಳಗೊಳಗೇ ನಕ್ಕಳು. ಆ ನಗು ಕೇಳಿಸಿದ್ದು ನನಗೊಬ್ಬನಿಗೇ.

ಮಧ್ಯಾಹ್ನದ ಹೊತ್ತಿಗೆ ಕಷ್ಟ ಶುರುವಾಯಿತು. ಥರ್ಮೊಕೋಲ್ ಅಂದರೆ ಕೇಳಬೇಕೇ, ಶಾಖ ಹೊರಗೆ ಬಿಡುವುದಿಲ್ಲ. ಬೆವರಿಗೆ ನನ್ನ ಒಳಗಿನ ಮೈದಾ ಅಂಟು ಕರಗಿ ಅವಳ ಹಣೆಗೆ ಹತ್ತಿಕೊಂಡಿತು. ಅವಳ ಕಾಲು ತಡವರಿಸಿತು. ಜಬೀನ್ ಅವಳನ್ನು ಒಂದು ಕಂಬದ ಹಿಂದೆ ಕೂರಿಸಿ ನನ್ನನ್ನು ಹಿಡಿದೆಳೆದಳು. ಇಂಚರ ಎರಡೂ ಕೈಯಿಂದ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇಡ, ಬೇಡ ಎಂದಳು. ಉಸಿರು ಕಟ್ಟಿ ಸತ್ತುಹೋಗ್ತೀಯಾ ಎಂದು ಗದರಿ ಜಬೀನ್ ಕಿತ್ತೇಬಿಟ್ಟಳು.

ಇಂಚರ ಮೊಣಕಾಲಿಗೆ ಮುಖ ಒತ್ತಿ ಕೂತಳು. ಗ್ಲೌಸು ಕಳಚಿ ನೀರು ಕುಡಿಯಲು ತಲೆ ಎತ್ತಿದ್ದಷ್ಟೇ, ಎದುರಿಗೆ ಮೈಯೆಲ್ಲ ನೀಲಿ ಬಳಿದುಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಇನ್ನೇನು ಅನ್ನುತ್ತಾಳೋ ಎಂದು ನಾನೂ ಕಾದೆ.

"ಎಂಥ ಮೇಕಪ್ ರೀ ಇದು. ನಂದು ನೋಡಿ, ಆಗ್ಲೇ ಇಳೀತಿದೆ. ನಿಮ್ದು ಇಷ್ಟು ಬೆವರಿದ್ರೂ ಒಂಚೂರೂ ಕರಗಿಲ್ಲ. ಯಾವ ಪೇಂಟು?"

ಜಬೀನ್ ಬಾಯಿ ತೆರೆದಳು. ಇಂಚರ ಅವಳ ಕೈ ಹಿಸುಕಿದಳು. ನೀಲಿ ಹುಡುಗಿ ತನ್ನ ಗೆಳೆಯರನ್ನೆಲ್ಲ ಕೂಗಿ ಕರೆದಳು. ಅವರು ಸುತ್ತ ನೆರೆದು ಕಣ್ಣಿನ ಸುತ್ತಲ ಗೆರೆ ನೋಡಿ, ಬೆರಳು ನೋಡಿ, ಎಷ್ಟು ನಾಜೂಕಾಗಿ ಮಾಡಿದ್ದಾರೆ ಎಂದು ಕೊಂಡಾಡಿದರು. ಹುಡುಗಿ ಇಂಚರಳ ಕೆನ್ನೆಗೆ ಕೆನ್ನೆ ಒತ್ತಿ ಫೋಟೊ ತೆಗೆದುಕೊಂಡಳು. ನೀಲಿ ಬಣ್ಣ ಇಂಚರಳ ಕೆನ್ನೆಗೂ ಹತ್ತಿತು. ಕಣ್ಣಾರೆ ನೋಡುತ್ತಿದ್ದರೂ ನಂಬಲಾಗಲಿಲ್ಲ. ದೊಡ್ಡಮ್ಮ ತಟ್ಟೆ ಕಸಿದುಕೊಂಡ ಕೈಗಳನ್ನು ಇಲ್ಲಿ ಜನ ಹಿಡಿದು ಹಿಡಿದು ನೋಡುತ್ತಿದ್ದರು.

ಆಮೇಲೆ ಇಂಚರ ಎದ್ದಳು. ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಆ ಹಾಲೆಲ್ಲ ಸುತ್ತಿದಳು. ಗೋಡೆಯ ಕಡೆ ತಿರುಗಿ ನೋಡಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅವಳಿಗೆ ಮಾತ್ರ ಹೊಟ್ಟೆ ತುಂಬಿದಂತಿತ್ತು. ಒಂದೆರಡು ಸಲ ಯಾರೋ ಈ ಮೇಕಪ್ ಮಾಡಿದ್ದು ಯಾರು ಎಂದು ಕೇಳಿದ್ದಕ್ಕೆ, ಇವಳೇ ಮಾಡಿದ್ದು ಎಂದು ಜಬೀನಳ ಕಡೆ ಬೆರಳು ತೋರಿಸಿದಳು ಕೂಡ. ಜಬೀನ್ ನಗಲಿಲ್ಲ.

ಹೀಗೆ ಓಡಾಡುತ್ತಿದ್ದಾಗಲೇ ಸಂಘಟಕರೊಬ್ಬರು ಬಂದು ಮೇಕಪ್ ಸ್ಪರ್ಧೆಗೆ ಸ್ಟೇಜ್ ಹತ್ತಿ ಎಂದು ಗಂಟುಬಿದ್ದರು. ಇಂಚರ ಬೇಡವೆನ್ನುವಷ್ಟರಲ್ಲಿ ನೀಲಿ ಹುಡುಗಿ ಕೈ ಹಿಡಿದು ಎಳೆದುಕೊಂಡೇ ಹೋದಳು. ಸ್ಟೇಜಿನ ದೀಪ ಕಣ್ಣಿಗೆ ಹೊಡೆಯಿತು. ನಿರೂಪಕ ಮೈಕು ಹಿಡಿದು, ಇದನ್ನು ಮಾಡೋಕೆ ಎಷ್ಟು ಹೊತ್ತು ಹಿಡೀತು ಎಂದು ಕೇಳಿದ. ಅವಳ ಕಂಕುಳು ನನ್ನನ್ನು ಎಷ್ಟು ಜೋರಾಗಿ ಒತ್ತಿತೆಂದರೆ ನನ್ನ ಒಂದು ಕಿವಿ ಮುರಿಯಿತು. ಹಾಕಿಕೋ, ನನ್ನನ್ನು ಹಾಕಿಕೊಂಡು ಓಡಿಬಿಡು ಎಂದು ನಾನು ಒಳಗೇ ಕೂಗಿದೆ. ಇಲ್ಲವಾದರೆ ಒಂದು ಸುಳ್ಳು ಹೇಳು, ಮೂರು ಗಂಟೆ ಅನ್ನು, ಪ್ರೈಜು ಇಸಕೊಂಡು ಇಳಿ. ಅವಳು ಕೆಳಗೆ ನಿಂತಿದ್ದ ಇಲಿ ಮಂತ್ರಿಯ ಕಡೆ ನೋಡಿದಳು.

"ಆರು ವರ್ಷ," ಎಂದಳು. ಜನ ತಮಾಷೆ ಎಂದುಕೊಂಡು ನಕ್ಕರು. ಅವಳು ನಗು ನಿಲ್ಲುವವರೆಗೆ ಕಾದಳು.

"ಇದು ಬಣ್ಣ ಅಲ್ಲ. ತೊನ್ನು. ತೊಳೆದ್ರೆ ಹೋಗಲ್ಲ. ನನ್ನ ಮುಖಾನೇ ಇದು."

ನಿರೂಪಕ ತಡವರಿಸಿ, ಎಲ್ಲರೂ ಚಪ್ಪಾಳೆ ಕೊಡಿ ಎಂದ. ಕೆಲವರು ತಟ್ಟಿದರು, ಕೆಲವರು ಫೋನ್ ಕೆಳಗಿಳಿಸಿದರು. ಮುಂದಿನವರ ಹೆಸರು ಕೂಗಿದರು. ಮೆಟ್ಟಿಲ ಹತ್ತಿರ ನಿಂತಿದ್ದ ನೀಲಿ ಹುಡುಗಿ ತನ್ನ ಕೆನ್ನೆಯನ್ನು ಅಂಗೈಯಿಂದ ಒಂದು ಸಲ ಒರೆಸಿಕೊಂಡಳು. ಒರೆಸಿದ್ದು ತನಗೇ ಗೊತ್ತಾಗಿ ಕೈ ಕೆಳಗಿಳಿಸಿ ತಲೆ ತಗ್ಗಿಸಿದಳು. ಇಂಚರ ಅದನ್ನು ನೋಡಿದಳು. ನೋಡಿಯೂ ಅವಳ ಹತ್ತಿರ ಹೋಗಿ, ಫೋಟೊ ಚೆನ್ನಾಗಿ ಬಂದಿದ್ದರೆ ನನಗೂ ಕಳಿಸಿ ಎಂದಳು. ಆ ಧೈರ್ಯ ಎಲ್ಲಿಂದ ಬಂತೋ ನನಗಂತೂ ತಿಳಿಯದು.

ಜಬೀನಳ ಕಣ್ಣು ಕೆಂಪಾಗಿತ್ತು. ಹೋಗೋಣ ನಡಿ ಎಂದಳು. ಇಂಚರ, ಇನ್ನೂ ಅರ್ಧ ಸ್ಟಾಲ್ ನೋಡಿಲ್ಲ, ಹಸಿವು ಬೇರೆ ಎಂದು ಪಲಾವ್ ಕೊಡಿಸಿದಳು. ಇಬ್ಬರೂ ನೆಲದ ಮೇಲೆ ಕೂತು ತಿಂದರು. ಮದುವೆಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ಸಂಜೆ ಗೇಟಿನ ಹೊರಗೆ ಬಂದಾಗ ನನಗೆ ಗೊತ್ತಿತ್ತು, ಈಗ ನನ್ನ ಸರದಿ. ಒಳಗಿನದು ವೇಷದವರ ಲೋಕ. ಹೊರಗಿನವರಿಗೆ ಬಣ್ಣ ಯಾವುದು ತೊನ್ನು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜಬೀನ್ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಇಂಚರ ಇಸಿದುಕೊಂಡು ಮತ್ತೆ ಕಂಕುಳಿಗೇ ಸೇರಿಸಿದಳು. ಬಸ್ಸು ಬಂತು, ಹತ್ತಿದರು.

ಜಬೀನಳಿಗೆ ಮುಂದೆ ಒಂದು ಸೀಟು ಸಿಕ್ಕಿತು. ಇಂಚರಳಿಗೆ ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ. ನಾನು ಮಡಿಲಲ್ಲಿ. ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ಆಕೆ ಒಂದು ಸಲ ಇಂಚರಳ ಕೈ ನೋಡಿದರು, ಒಂದು ಸಲ ಮುಖ ನೋಡಿದರು. ಸೆರಗು ಒತ್ತಿಕೊಂಡು ಎದ್ದು ಹೋಗಿ ಕಂಬಿ ಹಿಡಿದು ನಿಂತರು. ಇಂಚರಳ ಬೆರಳು ನನ್ನ ಕಣ್ಣಿನ ತೂತಿಗೆ ನಾಟಿಕೊಂಡಿತು. ಜಬೀನ್ ಜಗಳಕ್ಕೆಂದೇ ಎದ್ದಳು. ಕೂತ್ಕೋ ಎಂದು ಇಂಚರ ಕೈಸನ್ನೆ ಮಾಡಿದಳು. ಆಮೇಲೆ ಮೆಲ್ಲಗೆ ನನ್ನನ್ನು ಎತ್ತಿ, ಖಾಲಿಯಾದ ಆ ಸೀಟಿನ ಮೇಲೆ ಕೂರಿಸಿದಳು.

ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ನನ್ನನ್ನು ಕಂಡು ಮುಖ ಗಂಟಿಕ್ಕಿದರು. ಜನ ನಿಂತಿದ್ದಾರೆ, ಅದನ್ನು ಮಡಿಲಲ್ಲಿ ಇಟ್ಟುಕೊಳ್ಳಮ್ಮ ಎಂದರು.

"ಕೂತ್ಕೊಳ್ಳೋರು ಯಾರಾದ್ರೂ ಇದ್ರೆ ಎತ್ಕೊಳ್ತೀನಿ ಸರ್," ಎಂದಳು ಇಂಚರ. ಸಣ್ಣ ದನಿಯಲ್ಲಲ್ಲ, ಬಸ್ಸಿಗೆಲ್ಲ ಕೇಳುವ ಹಾಗೆ.

ಯಾರೂ ಬರಲಿಲ್ಲ. ಒಂದು ಸ್ಟಾಪ್ ಹೋಯಿತು, ಇನ್ನೊಂದು ಹೋಯಿತು. ನಿಂತವರೆಲ್ಲ ಕಿಟಕಿಯಾಚೆ ಏನೋ ಹುಡುಕುತ್ತಿದ್ದರು. ಟಿಕೆಟ್ಟಿಲ್ಲದ ಗೂಬೆ ನಾನು ರಾಜನ ಹಾಗೆ ಕೂತಿದ್ದೆ, ಆದರೆ ಒಳಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಯಾರಾದರೂ ಬಂದು ನನ್ನನ್ನು ಎಬ್ಬಿಸಬಾರದೇ ಎಂದು ಜೀವ ಹಪಹಪಿಸುತ್ತಿತ್ತು. ಮಾರ್ಕೆಟ್ ಹತ್ತಿರ ಹೂವಿನ ಬುಟ್ಟಿ ಹೊತ್ತ ಒಬ್ಬ ಮುದುಕಿ ಹತ್ತಿದಳು. ಸೀದಾ ಬಂದು ಇಂಚರಳನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಎತ್ತಮ್ಮ ನಿನ್ ಗೂಬೇನ. ಮಂಡಿ ನೋಯ್ತದೆ."

ಇಂಚರ ನನ್ನನ್ನು ಮಡಿಲಿಗೆ ತೆಗೆದುಕೊಂಡಳು. ಮುದುಕಿ ಉಸ್ಸೆಂದು ಕೂತು, ಬುಟ್ಟಿಯ ಅರ್ಧ ಭಾರವನ್ನು ಅವಳ ತೊಡೆಯ ಮೇಲೂ ಹೊರಿಸಿ, ಹೂವಿನ ರೇಟು ಇಳಿದದ್ದಕ್ಕೆ ಬೈಯಲು ಶುರುಮಾಡಿದಳು. ಇಂಚರ ಕಿಟಕಿಯ ಕಡೆ ತಿರುಗಿ ಅತ್ತಳು. ಎರಡು ಹನಿ ನನ್ನ ಕೊಕ್ಕಿನ ಮೇಲೆ ಬಿದ್ದವು.

ಆ ರಾತ್ರಿ ಇಂಚರ ಅಮ್ಮನ ಮಾತಿಗೆ ಕಾಯದೆ ನನ್ನನ್ನು ಒಳಗೆ ತಂದು ಬೀರುವಿನ ಮೇಲಿಟ್ಟಳು. ಜಬೀನಳ ಮದುವೆಯ ದಿನ ಅವಳು ಬೇಗ ಎದ್ದಳು. ಹಸಿರು ರೇಷ್ಮೆ ಸೀರೆ, ತುಂಡು ತೋಳಿನ ರವಿಕೆ. ಮುಖಕ್ಕೆ ಸ್ವಲ್ಪ ಪೌಡರಾದರೂ ಹಾಕಿಕೋ ಎಂದು ಅಮ್ಮ ಹಿಂದೆ ಮುಂದೆ ಸುತ್ತಿದರು. ಸ್ಟೇಜಿನ ದೀಪಕ್ಕೆ ಬೆವರಿದರೆ ಎಲ್ಲ ಇಳಿಯುತ್ತೆ, ಬೇಡಮ್ಮ ಎಂದಳು. ಅಮ್ಮ ಬಗ್ಗಿ ಸೀರೆಯ ನೆರಿಗೆ ಸರಿಮಾಡಿದರು. ಆಮೇಲೆ ಇಂಚರ ಬೀರು ತೆರೆದು ಏನನ್ನೋ ತಡಕಾಡಿದಳು. ನನ್ನ ಮೈಯೆಲ್ಲ ಅಲುಗಾಡಿತು. ನನ್ನನ್ನೇ ಹುಡುಕುತ್ತಿದ್ದಾಳೆ ಎಂದುಕೊಂಡೆ. ಅವಳಿಗೆ ಬೇಕಾಗಿದ್ದು ಒಂದು ಸೇಫ್ಟಿ ಪಿನ್ನು. ಸಿಕ್ಕಿತು, ಚುಚ್ಚಿಕೊಂಡಳು, ಹೊರಟಳು. ನನ್ನ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಹೊರಗೆ ಆಟೊ ಶುರುವಾದ ಸದ್ದು ಬಂತು, ಬೀದಿ ತಿರುವಿನಲ್ಲಿ ಕಡಿಮೆಯಾಯಿತು. ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ನನ್ನನ್ನು ತೆಗೆದುಕೊಳ್ಳಲು ವಾಪಸ್ ಬಂದಾಳೇನೋ ಎಂದು ಸಂಜೆಯವರೆಗೂ ಬಾಗಿಲಿನತ್ತಲೇ ಕಣ್ಣಿಟ್ಟಿದ್ದೆ. ಬರಲಿಲ್ಲ. ಬರದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದವನೂ ನಾನೇ.