ಯಾರೂ ಸಾಯದ ಹೆಸರು

ವಿಲ್ಫ್ರೆಡ್ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಜಪಸರ ಸಿಕ್ಕಿಸುತ್ತಿದ್ದ. ಬೆರಳುಗಳು ಗಟ್ಟಿಯಾಗಿದ್ದವು. ಅವನಿಗೆ ಏನೂ ಅನಿಸಲಿಲ್ಲ. ಶವಾಗಾರದಲ್ಲಿ ಇದು ಕೊನೆಯ ದರ್ಶನ. ಸಂಜೆಯ ವಿಮಾನಕ್ಕೆ ಲೂರ್ಡ್ಸ್ ಕುವೈತ್ ಬಿಟ್ಟು ಊರಿಗೆ, ಪೆಟ್ಟಿಗೆಯಲ್ಲಿ.

"ವಿಲ್ಲಿ, ಮಗುವಿಗೆ ಇನ್ನು ಹೆಸರು ಹುಡುಕುವ ಕೆಲಸ ಇಲ್ಲ," ಅಣ್ಣ ಬರ್ನಾರ್ಡ್ ಹತ್ತಿರ ಬಂದು ಹೇಳಿದ. "ಮಗಳ ಮಗಳಿಗೆ ಅಜ್ಜಿಯ ಹೆಸರು. ಮೊದಲಿಂದ ಬಂದ ಕ್ರಮ. ಬ್ಯಾಪ್ಟಿಸಂನಲ್ಲಿ ಲೂರ್ಡ್ಸ್ ಅಂತ ಇಟ್ಟರಾಯ್ತು."

ಮಗಳು ಜೋಸ್ವಿನ್ ಮಲಗಿದ್ದ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಅಂಕಲ್, ಮಮ್ಮಿ ಬೇರೆ ಹೇಳಿದ್ರು. ರೊಸಿಯೊ."

"ಅದೆಂತ ಮಾರಾಯ್ತಿ, ಹೋಟೆಲಿನ ಬೋರ್ಡಿನ ಹಾಗೆ! ಊರಿನವರು ನಗುವುದಿಲ್ವಾ?"

"ಪಪ್ಪಾ, ನೀವು ಹೇಳಿ. ನೀವು ಹೇಳಿದ್ದನ್ನೇ ಇಡ್ತೇನೆ."

ವಿಲ್ಫ್ರೆಡ್ ಶಿಲುಬೆಯನ್ನು ನೇರ ಮಾಡಿದ. ಅಣ್ಣನಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಈ ದೇಶಕ್ಕೆ ಅವನನ್ನು ಕರೆಸಿಕೊಂಡವನೇ ಅಣ್ಣ.

*

ಕಳೆದ ಚಳಿಗಾಲ, ಕುವೈತಿನಲ್ಲಿ ಅವರ ಮನೆಯಿದ್ದ ಮಹಬೂಲಾದಲ್ಲಿ. ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಲೂರ್ಡ್ಸ್ ಜೊತೆ ವ್ಯಾನು ಕಾಯುತ್ತಿದ್ದವಳು ಫಿಲಿಪ್ಪೀನ್ಸಿನ ರೊಸಿಯೊ. ಒಂದು ಬೆಳಿಗ್ಗೆ ಅವಳು ಯಾರದೋ ಕಾರಿನ ಮೇಲಿನ ಇಬ್ಬನಿಯನ್ನು ಬೆರಳಿಂದ ಬಳಿದು ತೋರಿಸಿ, ಸ್ಪ್ಯಾನಿಷ್‌ನಲ್ಲಿ ನನ್ನ ಹೆಸರೆಂದರೆ ಇದೇ ಅಂದಳಂತೆ.

ಸಂಜೆ ಲೂರ್ಡ್ಸ್ ಮೀನು ಶುದ್ಧ ಮಾಡುತ್ತ ಅದನ್ನೇ ಹೇಳಿದ್ದಳು. "ಎಷ್ಟು ಚಂದ ನೋಡಿ. ಮೊಮ್ಮಗಳಾದರೆ ಅದೇ ಇಡಬೇಕು."

"ಬಿಸಿಲು ಬಂದ್ರೆ ಖಲಾಸ್. ಅದೂ ಒಂದು ಹೆಸರಾ?"

"ನಾಳೆ ಪುನಃ ಬರ್ತದಲ್ಲ, ಹೊಸತು! ನನ್ನದು ಅಜ್ಜಿಯ ಹೆಸರು. ನಾನು ಸಿಟ್ಟು ಮಾಡಿದ್ರೆ ಅಜ್ಜಿಯ ಸಿಟ್ಟು, ನಕ್ಕರೆ ಅಜ್ಜಿಯ ನಗು. ಮೊಮ್ಮಗಳಿಗೆ ಯಾರೂ ಸಾಯದ ಹೆಸರು ಬೇಕು."

ಅವನು ಆಗ ನಕ್ಕುಬಿಟ್ಟಿದ್ದ.

*

ಪಾದ್ರಿಗಳ ಪ್ರಾರ್ಥನೆ ಕೊನೆಗೆ ಬಂತು. "ಇವರ ಗಂಡ ವಿಲ್ಫ್ರೆಡ್, ಮಗಳು ಜೋಸ್ವಿನ್, ಮೊಮ್ಮಗಳು..." ಅವರು ತಲೆಯೆತ್ತಿದರು.

ಬರ್ನಾರ್ಡ್ ಬಾಯಿ ತೆರೆದ.

"ರೊಸಿಯೊ," ಅಂದ ವಿಲ್ಫ್ರೆಡ್.

ಪಾದ್ರಿಗಳು ಹಾಗೇ ಹೇಳಿ ಮುಗಿಸಿದರು. ಬರ್ನಾರ್ಡ್ ಗೋಡೆಯ ಕಡೆ ತಿರುಗಿ ನಿಂತ.

ಜೋಸ್ವಿನ್‌ಗೆ ತಾಯಿಯ ಹಣೆಗೆ ಮುತ್ತಿಡಬೇಕಿತ್ತು. ಕೂಸನ್ನು ಹತ್ತಿರವಿದ್ದ ಬರ್ನಾರ್ಡನ ಕೈಗೇ ಕೊಟ್ಟಳು. ಆಮೇಲೆ ಮುಚ್ಚಳಕ್ಕೆ ಸ್ಕ್ರೂ ಹಾಕುವ ಸದ್ದಿಗೆ ಅದು ಎಚ್ಚೆತ್ತು ಅತ್ತಿತು. ಆ ಕೋಣೆಯಲ್ಲಿ ಅತ್ತದ್ದು ಅದೊಂದೇ. ಬರ್ನಾರ್ಡ್ ಬೆನ್ನು ತಟ್ಟಿದ, ಆಚೀಚೆ ನಡೆದಾಡಿದ. ಅಳು ನಿಲ್ಲಲಿಲ್ಲ. ಎಲ್ಲರೂ ಪೆಟ್ಟಿಗೆಯ ಕಡೆ ನೋಡುತ್ತಿದ್ದಾರೆಂದು ಕಂಡಾಗ, ಕೂಸಿನ ಕಿವಿಗೆ ಬಾಯಿಟ್ಟು ಮೆಲ್ಲಗೆ ಕರೆದ.

"ರೊಸಿ... ಯೊ."