ಬರಬಾರದ ಗಾಳಿ

ರಬ್ಬರಿನ ವಾಸನೆಯೊಳಗೆ ಇನ್ನೂ ಬಾವಿಯ ಪಾಚಿಯ ವಾಸನೆ, ನೀರೊಳಗೆ ಉಸಿರಾಡುವ ರೆಗ್ಯುಲೇಟರಿನ ಬಾಯಿಗಿಡುವ ತುದಿಯಲ್ಲಿ ಹಲ್ಲಿನ ಗುರುತು, ಹೆಂಡತಿಯ ತಮ್ಮ ನಿಜಲಿಂಗಪ್ಪನವು, ಕಡೆತನಕ ಕಚ್ಚಿ ಹಿಡಿದಿದ್ದಾನೆ ಪುಣ್ಯಾತ್ಮ — ಶರಣು ಅದನ್ನು ಅಂಗಿಯ ತುದಿಯಿಂದ ಒರೆಸಿದ, ಒರೆಸಬಾರದಿತ್ತೇನೋ ಎಂದುಕೊಂಡ. ಒಳಗೆ ಮಗ್ಗದ ಸಪ್ಪಳ ನಿಂತಿದೆ, ಹೆಂಡತಿ ದ್ರಾಕ್ಷಾಯಣಿ ಕಿವಿಗೊಟ್ಟು ಕೂತಿದ್ದಾಳೆ, ಅವಳ ಹಟಕ್ಕೇ ಇದೆಲ್ಲ, ಠಾಣೆಯವರು ಸಾಮಾನು ವಾಪಸ್ ಕೊಟ್ಟಾರ, ಒಮ್ಮೆ ನೋಡ್ರಿ, ನನ್ನ ತಮ್ಮ ಕುಡದು ಇಳದಿದ್ದಿಲ್ರಿ, ಮಂದಿ ಸುಳ್ಳ ಹೇಳತಾರ. ಅಳು ಬರಬೇಕಿತ್ತು, ಬರಲಿಲ್ಲ, ಅವನ ಹೆಣ ಮೇಲೆ ಬಂದ ದಿನದಿಂದ ಎದೆಯಲ್ಲಿ ಏನೂ ಇಲ್ಲ, ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅದೂ ತಿಳಿಯುವುದಿಲ್ಲ, ಕೈಗಳು ಮಾತ್ರ ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತವೆ, ಮುರುಡೇಶ್ವರದ ಡೈವಿಂಗ್ ದೋಣಿಗಳಲ್ಲಿ ದುಡಿಯುವಾಗ ಕಲಿತದ್ದು, ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸದೆ, ಆ ಕಡೆಯ ಮುಚ್ಚಳ ಬಿಗಿ ಮಾಡಿ, ಈ ಕಡೆ ಬಾಯಿಗಿಟ್ಟು ಉಸಿರೆಳೆ, ಗಾಳಿ ಬರಬಾರದು, ಬಂದರೆ ಸೋರುತ್ತಿದೆ, ನೀರೊಳಗೆ ಅದೇ ದಾರಿಯಿಂದ ನೀರು ಬರುತ್ತದೆ. ತನ್ನದನ್ನು ಎಳೆದ, ಬರಲಿಲ್ಲ, ಕೆನ್ನೆ ಒಳಗೆ ಹೋಯಿತು. ನಿಜಲಿಂಗಪ್ಪನದನ್ನು ಎಳೆದ. ಬಂತು, ಸಲೀಸಾಗಿ ಬಂತು.

ಆವತ್ತು ಸವಡಿಯಲ್ಲಿ ಬಾವಿಗೆ ಮೋಟರು ಬಿದ್ದಿತ್ತು, ಹೊಲದೊಡೆಯ ಗುರುಸಂಗಪ್ಪನದು ಫೋನಿನ ಮೇಲೆ ಫೋನು, ಲಗೂ ಬರ್ರಿ ಶರಣಪ್ಪ, ತನಗೆ ಕಿವಿ ನೋವು, ನೀವು ಮ್ಯಾಲಿರ್ರಿ ಮಾವ, ನಾ ಇಳೀತೀನಿ ಅಂದ ನಿಜಲಿಂಗಪ್ಪ, ಅವಸರದಲ್ಲಿ ಯಾರೂ ಎಳೆದು ನೋಡಲಿಲ್ಲ — ಈಗ ಶರಣು ಸ್ಕ್ರೂ ಬಿಚ್ಚುತ್ತಾನೆ, ಉಸಿರು ಹೊರಗೆ ಹೋಗುವ ಕಂಡಿಗೆ ಒಂದು ಕರಿ ರಬ್ಬರಿನ ಪರದೆ, ಅದರ ಅಂಚಿನ ಕೆಳಗೆ ಒಂದು ಕೆಂಪು ಎಳೆ. ನೂಲು. ಗಂಜಿ ಕುಡಿದು ಬಿರುಸಾದದ್ದು, ಪರದೆ ಪೂರಾ ಮುಚ್ಚದ ಹಾಗೆ ಅಡ್ಡ ಬಿದ್ದಿದೆ. ಸವಡಿಗೂ ಮೊದಲು ಇಬ್ಬರೂ ಅಸೂಟಿಯ ಬಾವಿಯಿಂದ ಯಾರದೋ ಹೆಣ ತೆಗೆದು ಬಂದಿದ್ದರು, ದ್ರಾಕ್ಷಾಯಣಿ ಬಾಗಿಲಲ್ಲೇ ತಡೆದಳು, ಹೆಣ ಮುಟ್ಟಿದ್ದು ಒಳಗ ತರಬ್ಯಾಡ್ರಿ, ನನ್ನ ತಮ್ಮಂದು ನಾನ ತೊಳೀತೀನಿ, ಅಂಗಳದಲ್ಲಿ ಮಗ್ಗದ ಹಾಸಿನ ಕೆಂಪು ನೂಲಿಗೆ ಗಂಜಿ ಹಾಕಿ ಮುಗಿಸಿದ್ದಳು, ಅದೇ ಗಂಜಿ ತೊಟ್ಟಿಗೆ ನೀರು ತುಂಬಿ ಮುಳುಗಿಸಿ ಮುಳುಗಿಸಿ ತೊಳೆದಳು, ಕೂಸಿಗೆ ಎರೆಯುವ ಹಾಗೆ, ಎಷ್ಟು ಪ್ರೀತಿಯಿಂದ, ತಾನು ಅಲ್ಲೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಚಿಮಟಿಗೆಯಿಂದ ಎಳೆದ. ಕೆಂಪು ಎಳೆ ಹೆಬ್ಬೆರಳಿಗೆ ಅಂಟಿತು.

ಏನಾತ್ರಿ, ಬಾಗಿಲಿಗೆ ಬಂದು ನಿಂತಿದ್ದಾಳೆ, ಸೋರತೈತೇನು? ಇಲ್ಲ ಅಂದರೆ ಅವನು ಕುಡುಕನಾಗಿ ಉಳಿಯುತ್ತಾನೆ, ಅತ್ತೆ ಗಾಳೆವ್ವ ಅದೇ ಮಾತಿಗೆ ಅನ್ನ ಬಿಟ್ಟು ಮಲಗಿದ್ದಾಳೆ. ಸೋರತೈತಿ ಅಂದ. ನೋಡ್ರಿ, ನೋಡ್ರಿ, ನಾ ಹೇಳಿದ್ದಿಲ್ಲೇನು, ಆವತ್ತಿನಿಂದ ಮೊದಲ ಸಲ ಅವಳ ಮುಖಕ್ಕೆ ಜೀವ ಬಂತು, ಅವ್ವಗ ಈಗ ಫೋನ್ ಹಚ್ಚತೀನಿ, ಅಂದವಳು ಫೋನು ಹಿಡಿದು ನಿಂತಳು, ಯಾಕ ಸೋರತಿತ್ರಿ? ಮುಷ್ಟಿ ಮುಚ್ಚಿದ. ಹಳೇದಾಗಿತ್ತು ಅಂದ. ಆ ಮಾತು ಅವಳೊಳಗೆ ಇಳಿಯುವುದನ್ನು ನೋಡುತ್ತ ಕೂತ, ತನಗೆ ನೋವಾಗಬಹುದೆಂದು ಕಾದ, ಆಗಲಿಲ್ಲ. ಹಳೇದನ್ನ ನನ್ನ ತಮ್ಮಗ ಕೊಟ್ಟು, ಚಲೋದು ನೀವು ಇಟ್ಗೊಂಡ್ರೇನು? ಹೂಂ ಅಂದ, ಅಂಗೈಯಲ್ಲಿ ಕೆಂಪು ಎಳೆ, ಹೂಂ, ಬೆವರಿಗೆ ಮೆತ್ತಗಾಗುತ್ತಿರುವ ಎಳೆ, ಕೆಂಪು, ಗೇಣೂ ಇಲ್ಲ, ಬೆರಳುದ್ದವೂ ಇಲ್ಲ, ಕೆಂಪು ಎಳೆ —