ನನ್ನ ಮಂಡಿಗೆ ಹೊತ್ತ ಹರಕೆ

ಕುಳಿತರೆ ಏಳಬೇಕು, ಎದ್ದರೆ ಕೂರಬೇಕು. ಆ ವಾರವಿಡೀ ಹಾಗೇ ಇತ್ತು. ಹಿಂಗೈಯನ್ನು ಮೊದಲು ಹಳೇ ಮಂಡಿಯ ಮೇಲೆ ಇಡುತ್ತಿದ್ದೆ, ಆಮೇಲೆ ಹೊಸ ಮಂಡಿಯ ಮೇಲೆ. ಹೊಸದು ಬಿಸಿ. ಸ್ವಲ್ಪ ಬಿಟ್ಟು ಮತ್ತೆ ನೋಡಿದರೆ ಇನ್ನೂ ಬಿಸಿ ಅನ್ನಿಸುತ್ತಿತ್ತು.

"ಮುಟ್ಟಿ ಮುಟ್ಟಿನೇ ಬಿಸಿ ಮಾಡ್ತಿದೀಯ ಅದನ್ನ," ಎಂದ ನನ್ನ ಗಂಡ ಬೆಲ್ಮೀರೊ.

"ನೀನು ಸುಮ್ನಿರು. ಲೋಹ ಇರೋದು ನನ್ನ ಕಾಲಲ್ಲಿ."

ಸೆತೂಬಲ್‌ನ ಮೀನು ಮಾರುಕಟ್ಟೆಯಲ್ಲಿ ನನ್ನ ಅಂಗಡಿಯ ಒದ್ದೆ ನೆಲದಲ್ಲಿ ನಿಂತೂ ನಿಂತೂ ಸವೆದ ಮಂಡಿಯನ್ನು ಡಾಕ್ಟರಮ್ಮ ತೆಗೆದು ಲೋಹದ್ದು ಕೂರಿಸಿದ್ದರು. ಆಮೇಲೆ ಆಗಾಗ ರಕ್ತ ತೆಗೆದು ಸಿಆರ್‌ಪಿ ಅನ್ನುವ ಒಂದು ಸಂಖ್ಯೆ ನೋಡುತ್ತಿದ್ದರು. ಮೈಯಲ್ಲಿ ಎಲ್ಲಾದರೂ ಉರಿಯೂತ ಎದ್ದರೆ ಅದು ಏರುತ್ತದಂತೆ. ಆಪರೇಷನ್ ಆದ ಹೊಸತರಲ್ಲಿ ನೂರೆಪ್ಪತ್ತು ಮುಟ್ಟಿತು. ನಾನು ಗಾಬರಿಯಾದರೆ ಡಾಕ್ಟರಮ್ಮ ನಕ್ಕರು. ಮೂಳೆ ಕತ್ತರಿಸಿದರೆ ಯಾರ ಮೈಯಾದರೂ ಸಿಟ್ಟಾಗುತ್ತದೆ, ತಾನೇ ಇಳಿಯುತ್ತದೆ ಎಂದರು. ಇಳಿಯಿತು ಕೂಡ. ಹನ್ನೊಂದಕ್ಕೆ ಬಂದಾಗ ನಾನು ಮತ್ತೆ ಅಂಗಡಿಗೆ ಹೋಗುವ ಕನಸು ಕಾಣುತ್ತಿದ್ದೆ. ಅಷ್ಟರಲ್ಲಿ ಮೈ ನಡುಕ ಬಂತು, ಹೋಗಿ ರಕ್ತ ಕೊಟ್ಟರೆ ತೊಂಬತ್ತನಾಲ್ಕು.

ಈ ಸಲ ಡಾಕ್ಟರಮ್ಮ ನಗಲಿಲ್ಲ. "ಒಂದ್ಸಲ ಇಳಿದದ್ದು ಮತ್ತೆ ಏರಿದ್ರೆ ನಾವು ಸುಮ್ನೆ ಕೂರೋ ಹಾಗಿಲ್ಲ, ದೋನಾ ದೆಯೊಲಿಂದಾ. ಬೇರೆ ಎಲ್ಲಾದ್ರೂ ತೊಂದರೆ ಇದೆಯಾ? ಕೆಮ್ಮು, ಹಲ್ಲು, ಮೂತ್ರ?"

ಪಕ್ಕದಲ್ಲಿ ಬೆಲ್ಮೀರೊ ಕಂಬದ ಹಾಗೆ ನಿಂತಿದ್ದ. "ಏನಿಲ್ಲ," ಎಂದೆ.

ಮಂಡಿಗೆ ಸೂಜಿ ಚುಚ್ಚಿ ಒಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಸೋಂಕು ಅಲ್ಲೇ ಇದ್ದರೆ ಮತ್ತೆ ತೆರೆಯಬೇಕು, ಲೋಹವನ್ನೇ ತೆಗೆಯಬೇಕಾಗಿ ಬಂದರೂ ಬರಬಹುದು, ಆಮೇಲೆ ಕೆಲವು ತಿಂಗಳು ಕಾಯಬೇಕು ಎಂದರು. ಅಷ್ಟು ತಿಂಗಳು ಮಂಡಿಯೇ ಇಲ್ಲದ ಕಾಲನ್ನು ಎಲ್ಲಿ ಇಟ್ಟುಕೊಳ್ಳುವುದು?

ಸುದ್ದಿ ತಿಳಿದು ನಾದಿನಿ ಒಡೀಲಿಯಾ ಸೂಪಿನ ಪಾತ್ರೆ ಹಿಡಿದು ಬಂದಳು. "ಅತ್ತಿಗೆ, ಫಾತಿಮಾ ಊರಿನ ಮಾತೆಗೆ ಹರಕೆ ಹೊತ್ಕೊ. ಗುಡಿ ಸುತ್ತ ಮಂಡಿಯೂರಿ ಬರ್ತೀನಿ ಅನ್ನು. ಎಷ್ಟು ಜನಕ್ಕೆ ಒಳ್ಳೇದಾಗಿದೆ."

"ಮಾತೆಗೆ ರಕ್ತದ ರಿಪೋರ್ಟ್ ಓದೋಕೆ ಬರುತ್ತಾ?" ಎಂದ ಬೆಲ್ಮೀರೊ. ಮದುವೆಯ ದಿನ ಬಿಟ್ಟರೆ ಅವನು ಇಗರ್ಜಿಯ ಒಳಗೆ ಕಾಲಿಟ್ಟವನಲ್ಲ. ಇಗರ್ಜಿಯ ಹೊರಗಿನ ಬೀದಿಗೆ ಮಾತ್ರ ಅವನೇ ಕಲ್ಲು ಹಾಸಿದ್ದ. ಆಯುಷ್ಯವೆಲ್ಲ ಮಂಡಿಯೂರಿ ಕಪ್ಪು ಬಿಳಿ ಕಲ್ಲು ಕೂರಿಸಿದವನು. ನಿಜ ಹೇಳಬೇಕೆಂದರೆ ನನಗಿಂತ ಅವನ ಮಂಡಿಗಳೇ ಹಾಳಾಗಿದ್ದವು. ಕತ್ತಿ ಎಂದರೆ ಹೆದರಿ ಸಾಯುತ್ತಾನೆ, ಆಸ್ಪತ್ರೆಗೆ ತೋರಿಸುವುದಿಲ್ಲ.

ಕಾಯುವ ದಿನಗಳು ಮುಗಿಯಲೇ ಇಲ್ಲ. ಕುಂಟುತ್ತಾ ಕಿಟಕಿಗೆ ಹೋಗುತ್ತಿದ್ದೆ, ಅಲ್ಲಿಂದ ಒಲೆಗೆ, ಒಲೆಯಿಂದ ಮತ್ತೆ ಕಿಟಕಿಗೆ. ಬೆಲ್ಮೀರೊ ಒಂದೇ ಪಾತ್ರೆಯನ್ನು ಮೂರು ಸಲ ತೊಳೆಯುತ್ತಿದ್ದ. ಇಬ್ಬರೂ ಸುಮ್ಮಸುಮ್ಮನೆ ಜಗಳವಾಡಿದೆವು.

ಫಲಿತಾಂಶದ ದಿನ ಡಾಕ್ಟರಮ್ಮ ಕಾಗದ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅವನಿಗೆ, "ನೀವು ಸ್ವಲ್ಪ ಹೊರಗಿರಿ," ಎಂದರು.

ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಬಾಗಿಲು ಮುಚ್ಚಿತು.

"ಮಂಡಿಯ ನೀರಲ್ಲಿ ಏನೂ ಇಲ್ಲ, ಶುದ್ಧವಾಗಿದೆ. ಹಾಗಾದ್ರೆ ಉರಿ ಬೇರೆ ಕಡೆ ಇದೆ. ಈಗ ಗಂಡ ಇಲ್ಲ, ಹೇಳಿ."

ಹೇಳಿದೆ. ಬಚ್ಚಲಿಗೆ ಹೋಗುವ ಕಷ್ಟ ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಮೂತ್ರ ಮಾಡಿದರೆ ಬೆಂಕಿ, ಸೊಂಟದ ಹಿಂದೆ ನೋವು. ಮಂಡಿ ಡಾಕ್ಟರಿಗೆ ಅದನ್ನೇನು ಹೇಳುವುದು ಎಂದು ಸುಮ್ಮನಿದ್ದೆ. ಅವರು ಹಣೆ ಚಚ್ಚಿಕೊಂಡರು. ಅಲ್ಲೇ ಮೂತ್ರ ಪರೀಕ್ಷೆ ಮಾಡಿಸಿ ಮಾತ್ರೆ ಬರೆದುಕೊಟ್ಟು, ಕುದುರೆಯ ಹಾಗೆ ನೀರು ಕುಡಿಯಲು ಹೇಳಿದರು. ಮುಂದಿನ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಇಪ್ಪತ್ತಕ್ಕೆ ಇಳಿದಿತ್ತು.

ನಾನು ಕುಣಿಯುವುದೊಂದು ಬಾಕಿ. ಬೆಲ್ಮೀರೊ ಮಾತ್ರ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ.

"ಏನಾಯ್ತು ನಿನಗೆ? ನನ್ನ ಮಂಡಿ ಉಳಿದಿದ್ದಕ್ಕೆ ಬೇಜಾರಾ?"

"ಲಿಂದಾ, ಅವತ್ತು ನನ್ನ ಹೊರಗೆ ಕಳಿಸಿದ್ರಲ್ಲ. ನಿನಗೆ ಕೆಟ್ಟ ಸುದ್ದಿ ಹೇಳೋಕೇ ಕಳಿಸಿದ್ರು ಅಂದ್ಕೊಂಡೆ. ಗೋಡೆ ಹಿಡ್ಕೊಂಡು ಹರಕೆ ಹೊತ್ಬಿಟ್ಟೆ."

"ನೀನಾ? ಏನಂತ?"

"ನೀನು ಮಂಡಿಯೂರಿ ಗುಡಿ ಸುತ್ತಿ ಬರ್ತೀಯ ಅಂತ."

"ಈ ಮಂಡೀಲಾ? ಊರಬಾರದು ಅಂತ ಡಾಕ್ಟರಮ್ಮ ಹೇಳಿದಾರೆ. ಮಂಡಿ ಉಳಿಸೋಕೆ ಆ ಮಂಡಿನೇ ಅಡ ಇಟ್ಟು ಬಂದ್ಯಾ? ನಿನ್ನದು ಇರ್ಲಿಲ್ವಾ, ಎರಡೆರಡು?"

ಅವನು ನೆಲ ನೋಡುತ್ತಾ ಹೇಳಿದ. "ನನ್ನದು ಹಾಳಾದ ಸಾಮಾನು. ಅದನ್ನ ಕೊಟ್ರೆ ಮಾತೆ ತಗೊಳ್ಳಲ್ಲ ಅಂದ್ಕೊಂಡೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಕೊನೆಗೆ ಫಾತಿಮಾಕ್ಕೆ ಹೋಗಿ ಹರಕೆ ತೀರಿಸಿದ್ದು ಅವನೇ, ಅವನದೇ ಮಂಡಿಗಳ ಮೇಲೆ. ಕೆಲಸಕ್ಕೆ ಕಟ್ಟುತ್ತಿದ್ದ ರಬ್ಬರ್ ಮೆತ್ತೆಯನ್ನಾದರೂ ಕಟ್ಟಿಕೋ ಎಂದರೆ ಕೇಳಲಿಲ್ಲ. ಬಿಳಿ ಅಮೃತಶಿಲೆಯ ಹಾದಿಯಲ್ಲಿ ಅವನು ತೆವಳಿದ, ನಾನು ಊರುಗೋಲು ಹಿಡಿದು ಪಕ್ಕದಲ್ಲಿ ನಡೆದೆ. ಸಾಕು, ಎದ್ದೇಳು ಎಂದು ಹಾದಿಯುದ್ದಕ್ಕೂ ಬೈದೆ. ಅವನು ತುಟಿ ಕಚ್ಚಿ ಒಂದೇ ಮಾತು ಹೇಳಿದ, "ಕಲ್ಲು ಚೆನ್ನಾಗಿ ಕೂಡಿಸಿದಾರೆ."

ವಾಪಸು ಬರುವ ಬಸ್ಸಿನಲ್ಲಿ ಅವನ ಪ್ಯಾಂಟು ಮೇಲೆ ಮಡಚಿ ಹಿಂಗೈ ಇಟ್ಟು ನೋಡಿದೆ. ಎರಡೂ ಕೆಂಡ.

"ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ," ಎಂದೆ.

"ನನಗೆ ಭಯ ಕಣೇ."

"ಗೊತ್ತು. ನಾನು ಒಳಗೇ ಇರ್ತೀನಿ. ಹೊರಗಿರಿ ಅಂದ್ರೂ ಹೋಗಲ್ಲ."